ಮೆಟಲ್ ಕೇಳಿದ್ರೆ ಕೋಪ ಬರುತ್ತಾ?

ಪುಣೆ ಜಿಲ್ಲೆಯ ಶಿರೂರಿನಿಂದ ಮಾತಾಡ್ತಿದ್ದೀನಿ. "ಆ ಕಿರುಚಾಟ ಕೇಳಿ ತಲೆ ಕೆಡಲ್ವೇನೋ?" ಅಂತ ಅಮ್ಮ ಫೋನಲ್ಲಿ ಈಗಲೂ ಕೇಳ್ತಾರೆ. ಇವತ್ತು ಅದಕ್ಕೆ ಇತಿಹಾಸದಿಂದ ಉತ್ತರ.

ಹೆವಿ ಮೆಟಲ್ ಹುಟ್ಟಿದ್ದು ಕಾರ್ಖಾನೆಗಳ ಊರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಅನ್ನೋ 17ರ ಹುಡುಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳಕೊಂಡ. ರಾಂಜಣಗಾವ್ ಎಂಐಡಿಸಿ ಕಡೆಯವರಿಗೆ ಅಂಥ ಯಂತ್ರದ ಭಯ ಬಿಡಿಸಿ ಹೇಳಬೇಕಿಲ್ಲ. ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡ, ಗಿಟಾರಿಗೆ ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಬಂತು. ಆ ಭಾರವಾದ ನಾದದ ಬೇರಲ್ಲಿ ಒಂದು ನೋವಿದೆ.

ಈಗ ನಮ್ಮ ದೇಶಕ್ಕೆ ಬರೋಣ. 2011ರ ಅಕ್ಟೋಬರ್ 28ರಂದು ಗುರುಗಾಂವ್‌ನಲ್ಲಿ ಮೆಟಾಲಿಕಾ ಶೋ ನಡೀಲಿಲ್ಲ. ಸಿಟ್ಟಿಗೆದ್ದ ಜನ ಸ್ಟೇಜಿಗೆ ನುಗ್ಗಿ ಒಡೆದುಹಾಕಿದ್ರು. 30ರಂದು ಅದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ನಾನೂ ಅಲ್ಲಿದ್ದೆ. ಆಗ ಇಂಟರ್‌ವ್ಯೂಗಳಲ್ಲಿ ಸಾಲಾಗಿ ರಿಜೆಕ್ಟ್ ಆಗಿದ್ದೆ, ಯಾರಿಗೂ ಹೇಳಿರಲಿಲ್ಲ. ಗಂಟಲು ಕಟ್ಟೋವರೆಗೂ ಕೂಗಿದೆ. ಗುರುತಿಲ್ಲದ ಒಬ್ಬ ಹೆಗಲ ಮೇಲೆ ಕೈ ಹಾಕಿದ. ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 39 ಮೆಟಲ್ ಕೇಳುಗರಿಗೆ ಬೇಕಂತಲೇ ಸಿಟ್ಟು ಬರಿಸಿ, ಕೆಲವರಿಗೆ ಹಾಡು ಹಾಕಿದ್ರು, ಉಳಿದವರನ್ನ ಸುಮ್ನೆ ಕೂರಿಸಿದ್ರು. ಎರಡೂ ಕಡೆ ಸಿಟ್ಟು ಇಳೀತು. ಹಾಡು ಕೇಳಿದವರಿಗೆ ಜೊತೆಗೆ ಹುರುಪೂ ಬಂತು. ಪ್ರಯೋಗ ಚಿಕ್ಕದು, ಅದೂ ಅಭಿಮಾನಿಗಳ ಮೇಲಷ್ಟೇ. ಆದರೂ ನಾನು ಕಂಡಿದ್ದಕ್ಕೆ ಅದು ಹೊಂದುತ್ತೆ.

ಗುರುಗಾಂವ್‌ನಲ್ಲಿ ಜನ ರೊಚ್ಚಿಗೆದ್ದಿದ್ದು ಹಾಡು ಕೇಳಿ ಅಲ್ಲಮ್ಮ, ಕೇಳೋಕೆ ಸಿಗದೆ.