ದಿವ್ಯದ ಬೀಜ

ಹಿಂದಿನ ನ್ಯಾಯವಿಚಾರಣೆಯಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಈ ಮೂರೂ ದೊರೆಯದೆ ಹೋದಾಗ ಕೊನೆಯದಾಗಿ ಉಳಿಯುತ್ತಿದ್ದುದು ದಿವ್ಯ. ಯಾಜ್ಞವಲ್ಕ್ಯ ಸ್ಮೃತಿ ಐದು ದಿವ್ಯಗಳನ್ನು ಹೆಸರಿಸುತ್ತದೆ: ತಕ್ಕಡಿ, ಬೆಂಕಿ, ನೀರು, ವಿಷ, ಕೋಶ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಇವುಗಳ ವಿಧಿವಿಧಾನವನ್ನೆಲ್ಲ ಬಿಡಿಸಿ ಹೇಳಿದ್ದಾನೆ. ವಿಷವುಂಡು ಬದುಕಿದವನು ನಿರ್ದೋಷಿ. ಇದನ್ನು ಓದಿದಾಗಲೆಲ್ಲ ನನಗೆ ದೂರದ ಇನ್ನೊಂದು ವಿಷದಿವ್ಯ ನೆನಪಾಗುತ್ತದೆ. ನಮ್ಮ ವಿಷದಿವ್ಯ ಗ್ರಂಥಗಳಲ್ಲಿ ಉಳಿಯಿತು. ಆ ದಿವ್ಯವಾದರೋ ಪ್ರಯೋಗಶಾಲೆಯನ್ನು ಹೊಕ್ಕು, ಮನುಷ್ಯನ ಮಿದುಳಿನ ಗುಟ್ಟೊಂದನ್ನು ತೆರೆಯಿತು.

ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ, ಇಂದಿನ ನೈಜೀರಿಯದ ಆಗ್ನೇಯ ಮೂಲೆಯಲ್ಲಿ, ಕಲಬಾರ್ ಎಂಬ ಊರಿದೆ. ಗುಲಾಮರನ್ನು ಹಡಗಿಗೆ ತುಂಬುತ್ತಿದ್ದ ರೇವುಗಳಲ್ಲಿ ಅದೂ ಒಂದು. ಅಲ್ಲಿನ ಎಫಿಕ್ ಜನರು ಹೊಳೆಯ ದಡದಲ್ಲಿ ಹಬ್ಬುವ ಒಂದು ಬಳ್ಳಿಯ ಬೀಜವನ್ನು ಎಸೆರೆ ಎನ್ನುತ್ತಿದ್ದರು. ನಮ್ಮ ಅವರೆಯ ಜಾತಿಗೇ ಸೇರಿದ, ಆದರೆ ಗಾತ್ರದಲ್ಲಿ ಬಹು ದೊಡ್ಡದಾದ, ಕಂದುಬಣ್ಣದ ಬೀಜ. ಮಾಟ ಮಾಡಿದನೆಂದೋ ಕೊಲೆ ಮಾಡಿದನೆಂದೋ ಆಪಾದನೆ ಹೊತ್ತವನಿಗೆ ಅದನ್ನು ಅರೆದು ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ. ಬಾಯಲ್ಲಿ ಜೊಲ್ಲು ಸುರಿದು, ಸ್ನಾಯುಗಳು ಅದುರಿ, ಉಸಿರು ನಿಂತರೆ ಅಪರಾಧಿ. ನಿರ್ದೋಷಿಯು ಧೈರ್ಯದಿಂದ ಗಟಗಟನೆ ಕುಡಿಯುತ್ತಾನೆ, ಹೊಟ್ಟೆ ಒಮ್ಮೆಲೇ ಕೆರಳಿ ವಿಷ ಹೊರಬೀಳುತ್ತದೆ. ದೋಷಿ ಅಳುಕುತ್ತ ಗುಟುಕರಿಸುತ್ತಾನೆ, ವಿಷ ಒಳಗಿಳಿಯುತ್ತದೆ ಎಂದು ಆಮೇಲಿನವರು ಒಂದು ವಿವರಣೆ ಕೊಟ್ಟರು. ಜಾಣ ವಿವರಣೆಯೇನೋ ಹೌದು. ಆದರೆ ನಿರಪರಾಧಿಗಳೆಲ್ಲ ಧೈರ್ಯಶಾಲಿಗಳೆಂದು ಯಾರು ಹೇಳಿದರು?

1846ರಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಕಲಬಾರಿಗೆ ಬಂದರು. ಅವರ ಮೂಲಕ ಬೀಜ ಎಡಿನ್‌ಬರೊ ನಗರವನ್ನು ಸೇರಿತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಷಶಾಸ್ತ್ರದಲ್ಲಿ ಹೆಸರಾಂತವರಾಗಿದ್ದ ರಾಬರ್ಟ್ ಕ್ರಿಸ್ಟಿಸನ್ ಅದನ್ನು ಪರೀಕ್ಷಿಸಲು ತಮ್ಮ ದೇಹವನ್ನೇ ಆರಿಸಿಕೊಂಡರು. ಒಂದು ರಾತ್ರಿ ಮಲಗುವ ಮುನ್ನ ಬೀಜದ ಎಂಟನೆಯ ಒಂದು ಭಾಗವನ್ನು ತಿಂದರು. ಹೆಚ್ಚೇನೂ ಆಗಲಿಲ್ಲ. ಬೆಳಗ್ಗೆ ಎದ್ದು ಅದರ ಇಮ್ಮಡಿ ತಿಂದರು. ಸ್ವಲ್ಪ ಹೊತ್ತಿಗೆ ತಲೆ ತಿರುಗಿತು, ಕೈಕಾಲಿನ ಶಕ್ತಿ ಉಡುಗಿತು. ಇದು ಆಟವಲ್ಲವೆಂದು ಅರಿತು, ಕ್ಷೌರಕ್ಕೆಂದು ಇಟ್ಟಿದ್ದ ನೀರನ್ನೇ ಎತ್ತಿ ಕುಡಿದು ವಾಂತಿ ಮಾಡಿಕೊಂಡರು. ಹಾಸಿಗೆಯಲ್ಲಿ ಬಿದ್ದಿದ್ದಾಗ ನಾಡಿ ಕ್ಷೀಣವಾಗಿ ತಾಳತಪ್ಪಿ ಮಿಡಿಯುತ್ತಿತ್ತು. ಬುದ್ಧಿಯೋ, ಸ್ವಚ್ಛವಾಗಿಯೇ ಇತ್ತು. ಇದನ್ನೆಲ್ಲ ಅವರು 1855ರಲ್ಲಿ ಪ್ರಕಟಿಸಿದರು. ತನ್ನ ಸಾವಿನ ಹೊಸ್ತಿಲಲ್ಲಿ ನಿಂತು ಟಿಪ್ಪಣಿ ಮಾಡಿಕೊಳ್ಳುವ ಈ ತಣ್ಣನೆಯ ಮನಸ್ಸನ್ನು ಮೆಚ್ಚಬೇಕೋ, ಅದಕ್ಕೆ ಅಂಜಬೇಕೋ ನನಗೆ ತಿಳಿಯದು.

ಅವರ ಶಿಷ್ಯ ಥಾಮಸ್ ಫ್ರೇಸರ್ 1862ರಲ್ಲಿ ಈ ಬೀಜವನ್ನು ಕುರಿತೇ ಪ್ರೌಢಪ್ರಬಂಧ ಬರೆದರು. ಬೀಜದ ಸಾರವನ್ನು ಕಣ್ಣಿಗೆ ಬಿಟ್ಟರೆ ಪಾಪೆ ಸೂಜಿಮೊನೆಯಷ್ಟು ಕುಗ್ಗುವುದೆಂಬ ಅವರ ಮಾತನ್ನು ಕೇಳಿ, ನೇತ್ರವೈದ್ಯ ಆರ್ಗೈಲ್ ರಾಬರ್ಟ್‌ಸನ್ 1863ರಲ್ಲಿ ತಮ್ಮ ಕಣ್ಣಿಗೇ ಅದನ್ನು ಬಿಟ್ಟುಕೊಂಡರು. ಆ ಊರಿನ ವೈದ್ಯರ ಪದ್ಧತಿಯೇ ಹಾಗಿತ್ತೆಂದು ತೋರುತ್ತದೆ! 1864ರಲ್ಲಿ ಜರ್ಮನಿಯ ಯೋಬ್ಸ್ಟ್ ಮತ್ತು ಹೆಸ್ಸೆ ಬೀಜದ ಸತ್ತ್ವವನ್ನು ಬೇರ್ಪಡಿಸಿ ಫೈಸೊಸ್ಟಿಗ್ಮೀನ್ ಎಂದು ಕರೆದರು. ಮರುವರ್ಷ ಅದನ್ನು ಹರಳಾಗಿ ಪಡೆದ ಫ್ರಾನ್ಸಿನವರು ಎಫಿಕ್ ಜನರ ಮಾತನ್ನೇ ಹಿಡಿದು ಎಸೆರೀನ್ ಎಂದರು. 1864ರಲ್ಲೇ ಪ್ರಾಗ್ ನಗರದಲ್ಲಿ ಕೆಲವು ಕೈದಿಗಳು ಅಟ್ರೊಪೀನ್ ಕುಡಿದು ಉನ್ಮತ್ತರಾದಾಗ, ಕ್ಲೈನ್‌ವೆಕ್ಟರ್ ಎಂಬ ವೈದ್ಯರು ಅವರಲ್ಲೊಬ್ಬನಿಗೆ ಕಲಬಾರ್ ಬೀಜದ ಸಾರ ಕೊಟ್ಟು ಚೇತರಿಸುವಂತೆ ಮಾಡಿದರು. ನಮ್ಮ ಹಿತ್ತಲಿನ ಉಮ್ಮತ್ತಿಯಲ್ಲಿರುವುದೂ ಅಟ್ರೊಪೀನಿನ ಬಳಗವೇ. ವಿಷಕ್ಕೆ ವಿಷ ಮದ್ದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಆದರೆ ಏಕೆ ಹಾಗೆ ಎಂಬುದು ಇನ್ನೂ ಅರುವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಕನಸಿನಲ್ಲಿ. ಆಸ್ಟ್ರಿಯದ ಗ್ರಾಟ್ಸ್ ನಗರದ ಆಟೊ ಲೋವಿ ಒಂದು ರಾತ್ರಿ ಕನಸಿನಿಂದೆದ್ದು ಏನನ್ನೋ ಗೀಚಿಟ್ಟರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗದು. ಮಾರನೆಯ ರಾತ್ರಿ ಅದೇ ಕನಸು ಮರಳಿತು. ಈ ಸಲ ಅವರು ನೆಚ್ಚಿಕೊಳ್ಳಲಿಲ್ಲ, ನೇರ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆ ಲವಣಜಲದಲ್ಲಿಟ್ಟು, ಮೊದಲನೆಯದರ ವೇಗಸ್ ನರವನ್ನು ಕೆರಳಿಸಿದರು; ಅದರ ಮಿಡಿತ ನಿಧಾನವಾಯಿತು. ಅದರ ನೀರನ್ನು ಎರಡನೆಯ ಹೃದಯಕ್ಕೆ ಹಾಕಿದರೆ, ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ನರ ತನ್ನ ಸಂದೇಶವನ್ನು ಒಂದು ರಾಸಾಯನಿಕದ ಮೂಲಕ ಕಳಿಸುತ್ತದೆ ಎಂಬುದು 1921ರಲ್ಲಿ ಹೀಗೆ ಬೆಳಕಿಗೆ ಬಂತು. ಆ ದೂತವೇ ಅಸಿಟೈಲ್‌ಕೋಲೀನ್.

ದೂತನು ಸಂದೇಶ ಮುಟ್ಟಿಸಿದ ಮೇಲೂ ಬಾಗಿಲಲ್ಲೇ ನಿಂತು ಕೂಗುತ್ತಿದ್ದರೆ ಮನೆಯವರಿಗೆ ಹುಚ್ಚು ಹಿಡಿಯಬೇಕು. ಅದಕ್ಕೆಂದೇ ದೇಹವು ಒಂದು ಕಿಣ್ವವನ್ನಿಟ್ಟಿದೆ. ಅಸಿಟೈಲ್‌ಕೋಲೀನನ್ನು ಕ್ಷಣಾರ್ಧದಲ್ಲಿ ಒಡೆದು ಹಾಕುವುದೇ ಅದರ ಕಸಬು. ಅದರ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ದೂತರನ್ನು ಮುಗಿಸುತ್ತದೆ. 1926ರಲ್ಲಿ ಲೋವಿ ಮತ್ತು ನಾವ್ರಾಟಿಲ್ ತೋರಿಸಿದ್ದು ಇಷ್ಟು: ಕಲಬಾರಿನ ಬೀಜದ ಸತ್ತ್ವ ಈ ಕಿಣ್ವದ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಜೊಲ್ಲು, ನಡುಕ, ಕುಗ್ಗಿದ ಪಾಪೆ, ನಿಂತ ಉಸಿರು ಎಲ್ಲವೂ ಹೋಗದೆ ಉಳಿದ ದೂತನ ಕೂಗಾಟ. ಅಟ್ರೊಪೀನ್ ಕೂಗುವವನನ್ನು ಕಳಿಸುವುದಿಲ್ಲ, ಒಳಗಿನವರ ಕಿವಿ ಮುಚ್ಚುತ್ತದೆ. ಪ್ರಾಗಿನ ಒಗಟು ಒಡೆಯಿತು. ಲೋವಿಗೆ 1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎರಡೇ ವರ್ಷದಲ್ಲಿ ನಾಜಿಗಳು ಆ ಯೆಹೂದಿಯನ್ನು ಸೆರೆಗೆ ಹಾಕಿ, ಪಾರಿತೋಷಕದ ಹಣವನ್ನು ಕಿತ್ತುಕೊಂಡು ದೇಶ ಬಿಡಿಸಿದರು.

1934ರಲ್ಲಿ ಲಂಡನ್ನಿನ ಗ್ರೀನಿಚ್ ಭಾಗದ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಸ್ನಾಯುಗಳ ಬಲ ಕುಂದುವ ಮಯಸ್ತೀನಿಯ ರೋಗಿಗೆ ಫೈಸೊಸ್ಟಿಗ್ಮೀನ್ ಚುಚ್ಚಿದರು. ಜೋತಿದ್ದ ರೆಪ್ಪೆ ಮೇಲೆದ್ದಿತು. 1935ರಲ್ಲಿ ಅಮೆರಿಕದ ಪರ್ಸಿ ಜೂಲಿಯನ್ ತಮ್ಮ ಸಂಗಡಿಗ ಪಿಕ್ಲ್‌ರೊಡನೆ ಅದನ್ನು ಪ್ರಯೋಗಶಾಲೆಯಲ್ಲೇ ಕಟ್ಟಿ ತೋರಿಸಿದರು. ಜೂಲಿಯನ್ ಗುಲಾಮರಾಗಿದ್ದವರ ಮೊಮ್ಮಗ. ಗುಲಾಮರ ರೇವಿನಿಂದ ಹೊರಟ ಬೀಜದ ರಹಸ್ಯವನ್ನು ಗುಲಾಮರ ವಂಶದವನೊಬ್ಬ ಕೈಯಾರೆ ಕಟ್ಟಿದ್ದನ್ನು ಚರಿತ್ರೆಯ ವಿನೋದವೆನ್ನಲು ನನಗೆ ಮನಸ್ಸು ಬಾರದು.

ಇದೇ ಕಾಲಕ್ಕೆ, 1936ರಲ್ಲಿ, ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕವನ್ನು ಹುಡುಕುತ್ತ ಟಬೂನ್ ಎಂಬ ನರವಿಷವನ್ನು ಮುಟ್ಟಿದರು. ಬೀಜದ ಸತ್ತ್ವವು ಕಿಣ್ವವನ್ನು ಕೆಲಹೊತ್ತು ಹಿಡಿದು ಬಿಟ್ಟುಬಿಡುತ್ತದೆ. ಈ ರಂಜಕದ ವಿಷಗಳೋ ಹಿಡಿದ ಕೈಯನ್ನು ಬಿಡಲೊಲ್ಲವು. ಅವುಗಳ ಸೋದರರು ನಮ್ಮ ಹೊಲಗಳಿಗೂ ಬಂದರು. ಬಾಟಲಿಯ ಕೀಟನಾಶಕ ಕುಡಿದ ರೈತನನ್ನು ನಮ್ಮ ಜಿಲ್ಲಾ ಆಸ್ಪತ್ರೆಗೆ ತಂದಾಗ ವೈದ್ಯರು ನೋಡುವುದು ಕ್ರಿಸ್ಟಿಸನ್ ಬರೆದಿಟ್ಟ ಲಕ್ಷಣಗಳ ಘೋರ ರೂಪವನ್ನೇ, ಏರಿಸುವುದು ಅಟ್ರೊಪೀನನ್ನೇ. ಇದಕ್ಕೆ ಇನ್ನೊಂದು ಮುಖವುಂಟು. 1946ರಲ್ಲಿ ಕೋಸ್ಟರ್ ಎಂಬವರು ಬೆಕ್ಕುಗಳಿಗೆ ಮೊದಲೇ ಫೈಸೊಸ್ಟಿಗ್ಮೀನ್ ಕೊಟ್ಟಿದ್ದರೆ ಅವು ರಂಜಕದ ವಿಷವನ್ನು ತಡೆದುಕೊಳ್ಳುವುದನ್ನು ಕಂಡರು. ಬಿಟ್ಟುಹೋಗುವ ಶತ್ರು ಪೀಠದಲ್ಲಿ ಕುಳಿತಿರುವಾಗ, ಬಿಡದ ಶತ್ರುವಿಗೆ ಎಡೆಯಿಲ್ಲ. ಪ್ರಾಣ ತೆಗೆಯುವ ಬೀಜ ಪ್ರಾಣಕ್ಕೆ ಕಾವಲಾಯಿತು.

ಇನ್ನು ಮರೆವಿನ ಮಾತು. ಅರುವತ್ತಕ್ಕೆ ಅರುಳುಮರುಳು ಎಂದು ನಾವು ಹಗುರಾಗಿ ಆಡುತ್ತೇವೆ. ನಮ್ಮ ಬಂಧುಗಳಲ್ಲಿ ಒಬ್ಬ ಹಿರಿಯಾಕೆ, ನೂರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡಿದ್ದವರು, ಕೊನೆಗೆ ಮಗನನ್ನೇ ನೋಡಿ ಯಾರಪ್ಪ ನೀನು ಎಂದರು. ಅದನ್ನು ಕಂಡ ಮೇಲೆ ಆ ಗಾದೆ ನನ್ನ ನಾಲಗೆಗೆ ಬಂದಿಲ್ಲ. 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್, ಉಮ್ಮತ್ತಿಯ ಬಳಗದ ಸ್ಕೊಪೊಲಮೀನನ್ನು ತರುಣರಿಗೆ ಕೊಟ್ಟು, ಅವರ ಜ್ಞಾಪಕ ಮುದುಕರ ಜ್ಞಾಪಕದಂತೆ ತಡವರಿಸುವುದನ್ನು ತೋರಿಸಿದರು. 1976ರಲ್ಲಿ ಬ್ರಿಟನ್ನಿನ ಡೇವಿಸ್ ಮತ್ತು ಮಲೋನಿ, ಅಲ್ಝೈಮರ್ ರೋಗದಿಂದ ಸತ್ತವರ ಮಿದುಳಿನಲ್ಲಿ ಅಸಿಟೈಲ್‌ಕೋಲೀನನ್ನು ತಯಾರಿಸುವ ಕಿಣ್ವ ಬಹಳ ಕುಗ್ಗಿರುವುದನ್ನು ಕಂಡರು. ದೂತರೇ ವಿರಳವಾದಾಗ ಇದ್ದವರನ್ನಾದರೂ ಬಾಗಿಲಲ್ಲಿ ಕೊಂಚ ನಿಲ್ಲಿಸಿಕೊಳ್ಳಬಾರದೆ? ದಿವ್ಯದ ಬೀಜ ಮತ್ತೆ ನೆನಪಾಯಿತು.

ಬೀಜದ ಸತ್ತ್ವ ಬಲುಬೇಗ ಕರಗಿಹೋಗುತ್ತಿತ್ತು. ಟ್ಯಾಕ್ರೀನ್ ಎಂಬ ಕೃತಕ ಮದ್ದು 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದರೂ ಯಕೃತ್ತನ್ನು ಕಾಡಿ ಹಿಂದೆ ಸರಿಯಿತು. ಆಮೇಲೆ 1996ರಲ್ಲಿ ಡೊನೆಪೆಜಿಲ್ ಬಂತು. ಜೆರುಸಲೆಮಿನಲ್ಲಿ ಮಾರ್ಟಾ ವೈನ್‌ಸ್ಟಾಕ್ ಅವರು ಫೈಸೊಸ್ಟಿಗ್ಮೀನಿನ ಅಚ್ಚನ್ನೇ ತಿದ್ದಿ ರೂಪಿಸಿದ ರಿವಸ್ಟಿಗ್ಮೀನ್ ಬಂತು. ಹಿಮಹೂವೆಂಬ ಪುಟ್ಟ ಬಿಳಿಯ ಹೂವಿನ ಗೆಡ್ಡೆಯಿಂದ ಬಲ್ಗೇರಿಯದವರು ಮೊದಲು ಮದ್ದಾಗಿಸಿದ ಗ್ಯಾಲಂಟಮೀನ್ ಕೂಡ 2001ರಲ್ಲಿ ಅಮೆರಿಕದಲ್ಲಿ ಮರೆವಿನ ಮದ್ದಾಯಿತು. ಇವು ಮಿದುಳನ್ನು ಸಾವಿನಿಂದ ಕಾಯುತ್ತವೆಯೇ? ಇಲ್ಲವೆಂದೇ ಹೇಳಬೇಕು. ಕಣಗಳು ಸಾಯುತ್ತಲೇ ಹೋಗುತ್ತವೆ. ಕೆಲವರಲ್ಲಿ ಕೆಲವು ತಿಂಗಳ ಮಟ್ಟಿಗೆ, ಗುಂಡಿ ಹಾಕಿಕೊಳ್ಳುವುದು, ಮನೆಯವರ ಹೆಸರು ಹಿಡಿಯುವುದು ಸಾಧ್ಯವಾಗುತ್ತದೆ. ಅದನ್ನು ಅಲ್ಪವೆನ್ನುವವರಿದ್ದಾರೆ. ತಾಯಿಯ ಬಾಯಲ್ಲಿ ತನ್ನ ಹೆಸರನ್ನು ಇನ್ನೊಂದು ದೀಪಾವಳಿಯವರೆಗೆ ಕೇಳಿದ ಮಗನನ್ನು ನಾನಾದರೆ ಕೇಳುತ್ತೇನೆ.

ನಮ್ಮ ಬ್ರಾಹ್ಮಿಯ ಮಾತೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲು ಯಾವ ಬ್ರಾಹ್ಮಿ ಎಂಬುದು ತೀರ್ಮಾನವಾಗಬೇಕು: ನಾವು ತಂಬುಳಿ ಮಾಡುವ ಒಂದೆಲಗಕ್ಕೂ, ಕೆಸರಿನಲ್ಲಿ ಹಬ್ಬುವ ನೀರುಬ್ರಾಹ್ಮಿಗೂ ಅದೇ ಹೆಸರು, ಗಿಡಗಳು ಮಾತ್ರ ಬೇರೆ ಬೇರೆ. ಎರಡನೆಯದರ ಬ್ಯಾಕೊಸೈಡುಗಳನ್ನು ಲಖನೌ ಪ್ರಯೋಗಶಾಲೆಯವರು 1960ರ ದಶಕದಲ್ಲೇ ಬೇರ್ಪಡಿಸಿದರು. ಇಲಿಗಳಲ್ಲಿ ಫಲ ಕಂಡಿದೆ. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಸಣ್ಣವು. ಅಂಗಡಿಯ ಸೀಸೆಯ ಮೇಲಿನ ಆಶ್ವಾಸನೆ ಪ್ರಯೋಗಶಾಲೆಯ ದಾಖಲೆಗಿಂತ ಬಹಳ ಮುಂದೆ ಓಡಿದೆ.

1991ರಲ್ಲಿ ಇಸ್ರೇಲಿನ ಜೋಯೆಲ್ ಸಸ್‌ಮನ್, ಇಸ್ರೇಲ್ ಸಿಲ್‌ಮನ್ ಮತ್ತು ಸಂಗಡಿಗರು ವಿದ್ಯುತ್ ಮೀನೊಂದರ ಕಿಣ್ವವನ್ನು ಹರಳಾಗಿಸಿ ಅದರ ರೂಪವನ್ನು ಬಿಡಿಸಿದರು. ಅದರೊಳಗೆ ಆಳವಾದ ಇಕ್ಕಟ್ಟಿನ ಒಂದು ಕಮರಿ. ದೂತನು ಅದರೊಳಕ್ಕೆ ಇಳಿದು ತಳದಲ್ಲಿ ಮಡಿಯುತ್ತಾನೆ. ಫೈಸೊಸ್ಟಿಗ್ಮೀನ್ ಅದೇ ಕಮರಿಗೆ ಇಳಿಯುತ್ತದೆ, ಟಬೂನ್ ಅದೇ ಕಮರಿಗೆ ಇಳಿಯುತ್ತದೆ, ಹಿಮಹೂವಿನ ಸತ್ತ್ವವೂ ಅಲ್ಲಿಗೇ. ಆ ಕಮರಿಯನ್ನು ಕಣ್ಣಿನಿಂದಲ್ಲ, ಫಲದಿಂದ ಬಲ್ಲವರು ಕಲಬಾರಿನಲ್ಲಿ ಎಂದೋ ಇದ್ದರು. ಎಷ್ಟು ಅರೆದರೆ ಏನಾಗುವುದೆಂದು ಅರಿತಿದ್ದ ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಔಷಧಿಕೋಶಗಳಲ್ಲಿ ಎಸೆರೀನ್ ಎಂಬ ಒಂದು ಮಾತು ಉಳಿದಿದೆ, ಅಷ್ಟೆ.