ಅಟ್ಟದಲ್ಲಿ ಸಿಕ್ಕ ತುರುಬುಗಳು

ಕಳೆದ ಬೇಸಿಗೆ ರಜೆಯಲ್ಲಿ ತವರುಮನೆಯ ಅಟ್ಟ ಗುಡಿಸುವಾಗ ಅಮ್ಮ ಕಟ್ಟಿಟ್ಟಿದ್ದ ಹಳೆಯ ಪತ್ರಿಕೆಗಳ ಗಂಟು ಸಿಕ್ಕಿತು. ಹೆಚ್ಚಿನವು 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯವು. ಧೂಳು ಕೊಡವಿ ತೆರೆದರೆ ಪುಟಪುಟದಲ್ಲೂ ತುರುಬುಗಳೇ! ಜಾಹೀರಾತು ಸೀರೆಯದಿರಲಿ, ಸೋಪಿನದಿರಲಿ, ಹೆಣ್ಣಿನ ತಲೆಯ ಮೇಲೊಂದು ಪುಟ್ಟ ಗೋಪುರ.

ಆ ಗೋಪುರದ ಹುಟ್ಟೂರು ದೂರದ ಅಮೆರಿಕ. ಷಿಕಾಗೋದ ಕೇಶವಿನ್ಯಾಸಕಿ ಮಾರ್ಗರೆಟ್ ವಿನ್ಸಿ ಹೆಲ್ಟ್ 1960ರಲ್ಲಿ ಪತ್ರಿಕೆಯೊಂದಕ್ಕಾಗಿ ರೂಪಿಸಿದ ‘ಬೀಹೈವ್’, ಅಂದರೆ ಜೇನುಗೂಡು. ಅದೇ ವರ್ಷ ‘ಲವ್ ಇನ್ ಸಿಮ್ಲಾ’ ಹಿಂದಿ ಚಿತ್ರದಲ್ಲಿ ಸಾಧನಾ ಹಣೆಯ ಮೇಲೆ ಇಳಿಬಿಟ್ಟ ಕೂದಲು ‘ಸಾಧನಾ ಕಟ್’ ಎಂದೇ ಹೆಸರಾಯಿತು. ನಮ್ಮಲ್ಲಿ ಕಲ್ಪನಾ, ಭಾರತಿ, ಜಯಂತಿಯರ ಉಬ್ಬು ತುರುಬು ನೋಡಿ ಮನಸೋಲದವರುಂಟೇ?

ಬ್ಯೂಟಿ ಪಾರ್ಲರ್ ಇಲ್ಲದ ಊರಿನಲ್ಲಿ ಪತ್ರಿಕೆಯ ಚಿತ್ರವೇ ಗುರು. ನೆತ್ತಿಯ ಕೂದಲನ್ನು ಬುಡದ ಕಡೆಗೆ ಹಿಮ್ಮುಖವಾಗಿ ಬಾಚಿ ಉಬ್ಬಿಸಬೇಕು. ಒಳಗೆ ಚೌರಿ ಸುತ್ತಿಡಬೇಕು. ಮೇಲ್ಪದರವನ್ನು ನಯವಾಗಿ ಬಾಚಿ ಪಿನ್ನು ಚುಚ್ಚಬೇಕು. ರಾತ್ರಿ ಸಿಕ್ಕು ಬಿಡಿಸುವ ಪಾಡು ಬೇರೆ.

ಅಮ್ಮ ಕಲಿತದ್ದೂ ಹಾಗೆಯೇ. ಮನೆಯಲ್ಲಿದ್ದುದು ಒಂದೇ ಕನ್ನಡಿ, ಹಿಂದಲೆ ಕಾಣದು. ಪತ್ರಿಕೆ ಹಿಡಿದು ಹಿಂದೆ ಕೂತು, “ಎಡಕ್ಕೆ ವಾಲಿದೆ ಕಣೇ, ಇನ್ನೊಂದು ಪಿನ್ನು ಹಾಕು” ಎನ್ನುತ್ತಿದ್ದವರು ಅಪ್ಪನ ತಾಯಿ, ನಮ್ಮಜ್ಜಿ. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದವರು. ಇಪ್ಪತ್ತೆರಡಕ್ಕೆ ಗಂಡ ತೀರಿಕೊಂಡಾಗ ಮನೆಯ ಹಿರಿಯರು ಕ್ಷೌರಿಕನನ್ನು ಕರೆಸಿದ್ದರಂತೆ. ಅವರನ್ನು ಯಾರೂ ಕೇಳಲಿಲ್ಲ.

ನನಗಾಗ ಐದಾರು ವರ್ಷ. “ಅಜ್ಜೀ, ನಿಂಗೂ ತುರುಬು ಇತ್ತಾ?” ಎಂದುಬಿಟ್ಟೆ. “ಮೊಣಕಾಲು ಮುಟ್ಟೋ ಜಡೆ ಇತ್ತು ಮಗಾ” ಎಂದವರೇ ಮತ್ತೆ ಚಿತ್ರದತ್ತ ಬಾಗಿದರು.

ನಮ್ಮ ಗಂಟಿನ ಯಾವ ಪುಟದಲ್ಲೂ ಅಂಥ ತಲೆಯ ಚಿತ್ರವಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದ್ದು 1983ರಲ್ಲಿ. ಆ ಚಿತ್ರ ನೋಡಿ ಬಂದ ರಾತ್ರಿ ಅಮ್ಮ ಊಟ ಮಾಡಲಿಲ್ಲ.

ಹೆಣ್ಣಿನ ಕೂದಲು ಯಾರ ಸ್ವತ್ತು? ಹಾಗೆ ಕೇಳುವ ನಾನೂ ಸಾಧುವಲ್ಲ. ಇಷ್ಟು ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ “ಎರಡು ಜಡೆ ಯಾಕೆ ಹಾಕಿಲ್ಲ?” ಎಂದು ಹುಡುಗಿಯರನ್ನು ಗದರಿದವಳೇ. ಈ ಜೂನಿನಲ್ಲಿ ಶಾಲೆ ತೆರೆದಾಗ ಒಬ್ಬಳು ಕೂದಲು ಕತ್ತರಿಸಿಕೊಂಡು ಬಂದಿದ್ದಳು. ಗದರಲು ಬಾಯಿ ಬರಲಿಲ್ಲ. “ಚೆನ್ನಾಗಿದೆ, ಹೋಗಿ ಕೂತ್ಕೋ” ಎಂದೆ.