ಬಿಸಿಯಾಗುವ ಕಡಲು, ಬದಲಾಗುವ ಎಲ್ ನಿನೊ

ಪೆಸಿಫಿಕ್ ಸಾಗರದ ಏರಿಳಿತದ ವಿಜ್ಞಾನಕ್ಕೆ ಬುನಾದಿ ಬಿದ್ದದ್ದು ನಮ್ಮ ಮುಂಗಾರಿನ ಚಿಂತೆಯಲ್ಲಿ. 1899ರ ಭೀಕರ ಬರದ ನೆನಪು ಇನ್ನೂ ಹಸಿಯಾಗಿದ್ದಾಗ, 1904ರಲ್ಲಿ, ಗಣಿತಜ್ಞ ಗಿಲ್ಬರ್ಟ್ ವಾಕರ್ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತರು. ಮಳೆ ಕೈಕೊಡುವ ವರ್ಷವನ್ನು ಮೊದಲೇ ತಿಳಿಯಬೇಕೆಂದು ದೇಶದೇಶಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ ಎಂಬುದನ್ನು 1920ರ ದಶಕದಲ್ಲಿ ಖಚಿತಪಡಿಸಿದರು. ಏಕೆ ಹಾಗೆ ಎಂಬುದು ಮಾತ್ರ ಅವರಿಗೆ ದಕ್ಕಲಿಲ್ಲ.

ಆ ಕಾರಣವನ್ನು 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಕಡಲಿನಲ್ಲಿ ಹುಡುಕಿದರು. ಪೆಸಿಫಿಕ್‌ನಲ್ಲಿ ಪೂರ್ವದ ಗಾಳಿ ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ಒತ್ತಿ ಹಿಡಿಯುತ್ತದೆ. ಎರಡು ದಡಗಳ ಉಷ್ಣತೆಯ ಅಂತರವೇ ಆ ಗಾಳಿಗೆ ಬಲ. ಗಾಳಿ ಸಡಿಲವಾದರೆ ಬೆಚ್ಚನೆಯ ನೀರು ಪೂರ್ವಕ್ಕೆ ಹರಡಿ ಅಂತರ ಕುಗ್ಗುತ್ತದೆ, ಗಾಳಿ ಇನ್ನಷ್ಟು ಸೋಲುತ್ತದೆ. ಅದೇ ಎಲ್ ನಿನೊ. 1982–83ರ ಮಹಾ ಎಲ್ ನಿನೊ ಬಲಿತ ಮೇಲಷ್ಟೇ ತಜ್ಞರ ಕಣ್ಣಿಗೆ ಬಿತ್ತು. ಆ ಪಾಠದಿಂದ, 1994ರ ಹೊತ್ತಿಗೆ ಸಮಭಾಜಕದ ಉದ್ದಕ್ಕೂ ಲಂಗರು ಹಾಕಿದ ಸುಮಾರು 70 ಮಾಪನ ತೇಲುಗಳು ಸಿದ್ಧವಾದವು.

ಎಲ್ ನಿನೊ ಬಂದ ವರ್ಷ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುತ್ತದೆ. ಆದರೆ 1997ರ ಎಲ್ ನಿನೊ ಅಷ್ಟು ಪ್ರಬಲವಾಗಿದ್ದರೂ ಭಾರತದಲ್ಲಿ ಮಳೆ ವಾಡಿಕೆಯಷ್ಟೇ ಆಯಿತು. ಎರಡರ ನಂಟು ಸಡಿಲಗೊಳ್ಳುತ್ತಿದೆಯೇ ಎಂದು ಕೃಷ್ಣಕುಮಾರ್ ಮತ್ತು ಸಂಗಡಿಗರು 1999ರಲ್ಲಿ ಕೇಳಿದರು. ಅದೇ ವರ್ಷ, ಹಿಂದೂ ಮಹಾಸಾಗರದ ಪೂರ್ವ–ಪಶ್ಚಿಮಗಳ ನಡುವೆಯೂ ಮಳೆಯ ಮೇಲೆ ಪ್ರಭಾವ ಬೀರಬಲ್ಲ ಇಂಥದೇ ಏರಿಳಿತವಿದೆ ಎಂದು ಸಜಿ ಅವರ ತಂಡ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎನ್. ಗೋಸ್ವಾಮಿ ಆ ತಂಡದಲ್ಲಿದ್ದರು. ಆದರೆ 2002ರಲ್ಲಿ ಸಾಧಾರಣ ಎಲ್ ನಿನೊ ಬಂದಾಗಲೇ ದೇಶ ಬರಕ್ಕೆ ತುತ್ತಾಯಿತು. ನಂಟು ಕಡಿದುಹೋಗಿದೆ ಎನ್ನುವವರು ಅವಸರಪಟ್ಟರು ಎಂದೇ ನನ್ನ ಎಣಿಕೆ.

ಭೂಮಿ ಕಾದಂತೆ ಎಲ್ ನಿನೊ ಬಲಿಯುತ್ತದೆಯೇ? 2010ರಲ್ಲಿ ಪರಿಣತರು ಒಟ್ಟಾಗಿ ಪರಿಶೀಲಿಸಿದಾಗಲೂ ಒಮ್ಮತ ಮೂಡಲಿಲ್ಲ. ಕೆಲವು ಪ್ರಕ್ರಿಯೆಗಳು ಅದನ್ನು ಬಲಪಡಿಸಿದರೆ ಇನ್ನು ಕೆಲವು ತಗ್ಗಿಸುತ್ತವೆ. ಅದಕ್ಕಿಂತ ದೊಡ್ಡ ತೊಡಕನ್ನು 2009ರಲ್ಲಿ ಆಂಡ್ರ್ಯೂ ವಿಟನ್‌ಬರ್ಗ್ ಎತ್ತಿ ತೋರಿಸಿದ್ದರು. ಹೊರಗಿನಿಂದ ಯಾವ ಬದಲಾವಣೆಯನ್ನೂ ಹೇರದೆ 2000 ವರ್ಷ ಓಡಿಸಿದ ಕಂಪ್ಯೂಟರ್ ಮಾದರಿಯಲ್ಲೇ ಒಂದು ಶತಮಾನ ಅಬ್ಬರಿಸಿತು, ಇನ್ನೊಂದು ತೆಪ್ಪಗಿತ್ತು. ಮಧ್ಯ ಪೆಸಿಫಿಕ್‌ನ ಹವಳಗಳನ್ನು ಓದಿದ ಕಿಮ್ ಕಾಬ್ ತಂಡಕ್ಕೂ 7000 ವರ್ಷಗಳಲ್ಲಿ ಅಂಥದೇ ಏರುಪೇರು ಕಂಡಿತು. ಹೀಗಿರುವಾಗ ನೂರೈವತ್ತು ವರ್ಷಗಳ ದಾಖಲೆಯಿಂದ ಮನುಷ್ಯನ ಕೈವಾಡವನ್ನು ಬೇರ್ಪಡಿಸುವುದು ಸುಲಭವಲ್ಲ.

ಪ್ರಶ್ನೆಯನ್ನು ಉಷ್ಣತೆಯಿಂದ ಮಳೆಯತ್ತ ತಿರುಗಿಸಿದ್ದೇ ಈ ಕ್ಷೇತ್ರದ ನಿಜವಾದ ಹೆಜ್ಜೆ. ಪೂರ್ವದ ತಣ್ಣನೆಯ ಕಡಲು ಸುತ್ತಲಿಗಿಂತ ಬೇಗ ಕಾದರೆ, ಹಿಂದಿನಷ್ಟೇ ಏರಿಳಿತವೂ ಅಲ್ಲಿಗೆ ಭಾರಿ ಮಳೆಯನ್ನು ಎಳೆದು ತರಬಲ್ಲದು. ಇದೇ ಆಧಾರದ ಮೇಲೆ, ತೀವ್ರ ಎಲ್ ನಿನೊಗಳ ಸಂಖ್ಯೆ ಇಮ್ಮಡಿಯಾಗಬಹುದೆಂದು 2014ರಲ್ಲಿ ವೆಂಜು ಕಾಯ್ ತಂಡ ಅಂದಾಜಿಸಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಕಡಲಿನ ಉಷ್ಣತೆಯ ಏರಿಳಿತದ ಬಗ್ಗೆ ಮಾದರಿಗಳಲ್ಲಿ ಸಹಮತವಿಲ್ಲ ಎಂದರೂ, ಈ ಶತಮಾನದ ಉತ್ತರಾರ್ಧದಲ್ಲಿ ಎಲ್ ನಿನೊ ಸಂಬಂಧಿ ಮಳೆಯ ಏರುಪೇರು ಹೆಚ್ಚುವ ಸಾಧ್ಯತೆ ಬಹಳ ಎಂದಿತು.

ಆದರೆ ಒಂದು ಗಂಟು ಬಿಚ್ಚಿಲ್ಲ. ಪೂರ್ವ ಪೆಸಿಫಿಕ್ ಬೇಗ ಕಾಯುತ್ತದೆ ಎಂದು ಹೆಚ್ಚಿನ ಮಾದರಿಗಳು ಹೇಳುತ್ತವೆ. 1980ರಿಂದೀಚಿನ ದಶಕಗಳಲ್ಲಿ ಅದರ ಕೆಲವು ಭಾಗಗಳು ತುಸು ತಣ್ಣಗಾಗಿವೆ. ಇದು ಸಹಜ ಏರಿಳಿತವೋ, ಮಾದರಿಗಳ ದೋಷವೋ ಎಂಬುದನ್ನು ತೀರ್ಮಾನಿಸಲು ಎಡೆಬಿಡದ ಅಳತೆ ಬೇಕು. ನಿರ್ವಹಣೆಗೆ ಹಡಗು ಹೋಗದೆ ಆ ತೇಲುಗಳ ಜಾಲ 2014ರಲ್ಲಿ ಅರ್ಧಕ್ಕಿಂತ ಕಡಿಮೆ ಮಾಹಿತಿ ಕಳಿಸುವ ಸ್ಥಿತಿಗೆ ಕುಸಿದಿತ್ತು. ಆಗ ತಪ್ಪಿಹೋದ ಅಳತೆಗಳನ್ನು ಈಗ ಯಾವ ಮಾದರಿಯೂ ತುಂಬಿಕೊಡಲಾರದು.